ಅನಿವಾರ್ಯತೆಯೋ, ಬಲವಂತವೋ? ದ್ರಾಜೆನ್ ಎರ್ದೆಮೊವಿಚ್ ಪ್ರಕರಣ

ಬೋಸ್ನಿಯಾದಲ್ಲಿ ಮುಸ್ಲಿಮರು, ಸರ್ಬರು, ಕ್ರೊವಾಟರು ಎಂಬ ಮೂರು ಸಮುದಾಯಗಳ ನಡುವೆ ಯುದ್ಧ ನಡೆಯುತ್ತಿದ್ದ ಕಾಲ. 1995ರ ಜುಲೈ 11ರಂದು ಅಲ್ಲಿನ ಸ್ರೆಬ್ರೆನಿತ್ಸಾ ಪಟ್ಟಣ ಸರ್ಬ್ ಪಡೆಗಳ ಕೈಗೆ ಬಿತ್ತು. ವಿಶ್ವಸಂಸ್ಥೆ ಅದನ್ನು ಸುರಕ್ಷಿತ ಪ್ರದೇಶ ಎಂದು ಘೋಷಿಸಿ ಎರಡು ವರ್ಷ ಆಗಿತ್ತು. ಮುಂದಿನ ಕೆಲವೇ ದಿನಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದರು. ಹಾಗೆ ಕೊಂದ ಜಾಗಗಳಲ್ಲಿ ಒಂದು ಜ್ವೊರ್ನಿಕ್ ಕಡೆಯ ಪಿಲಿತ್ಸಾ ಊರಿನ ಹತ್ತಿರ ಇದ್ದ ಬ್ರಾನ್ಯೆವೊ ಎಂಬ ಫಾರ್ಮು. ಜುಲೈ 16ರ ಬೆಳಿಗ್ಗೆ ಅಲ್ಲಿಗೆ ಎಂಟು ಸೈನಿಕರನ್ನು ಕಳಿಸಿದರು. ಅವರೆಲ್ಲ ಬೋಸ್ನಿಯನ್ ಸರ್ಬ್ ಸೇನೆಯ ಹತ್ತನೇ ವಿಧ್ವಂಸಕ ತುಕಡಿಯವರು. ಅವರಲ್ಲೊಬ್ಬ 23 ವರ್ಷದ ದ್ರಾಜೆನ್ ಎರ್ದೆಮೊವಿಚ್.

ಯಾಕೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದು ತನಗೆ ಮೊದಲು ಗೊತ್ತಿರಲಿಲ್ಲ ಎಂದು ಅವನು ಆಮೇಲೆ ಹೇಳಿದ. ಫಾರ್ಮಿಗೆ ಹೋದ ಮೇಲೆ ಗೊತ್ತಾಯಿತು. ಬಸ್ಸುಗಳಲ್ಲಿ ಜನರನ್ನು ತರುತ್ತಾರೆ, ಅವರನ್ನು ಗುಂಡಿಟ್ಟು ಕೊಲ್ಲಬೇಕು. ತಾನು ಆಗಲ್ಲ ಎಂದೆ ಎನ್ನುತ್ತಾನೆ. ಅಲ್ಲಿ ಮುಂದಾಳಾಗಿದ್ದವನು ಬ್ರಾನೊ ಗೊಯ್ಕೊವಿಚ್. ಅವರ ಮೇಲೆ ಅಷ್ಟು ಕನಿಕರ ಇದ್ದರೆ ನೀನೂ ಹೋಗಿ ಅವರ ಸಾಲಿನಲ್ಲೇ ನಿಲ್ಲು, ನಿನ್ನನ್ನೂ ಕೊಲ್ಲುತ್ತೇವೆ ಎಂಬ ಉತ್ತರ ಬಂತು. ಅವನಿಗೆ ಹೆಂಡತಿ ಇದ್ದಳು, ಒಂಬತ್ತು ತಿಂಗಳ ಮಗ ಇದ್ದ. ಅವನು ಬಂದೂಕು ಎತ್ತಿದ.

ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಹತ್ತು ಹತ್ತು ಜನರನ್ನು ಇಳಿಸಿ, ಬೆನ್ನು ತಿರುಗಿಸಿ ನಿಲ್ಲಿಸಿ ಗುಂಡು ಹಾರಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಸತ್ತವರು ಸುಮಾರು 1,200 ಮಂದಿ ಇರಬಹುದು, ತನ್ನ ಕೈಯಿಂದ ಸತ್ತವರು 70ರಷ್ಟು ಇರಬಹುದು ಎಂಬುದು ಅವನದೇ ಲೆಕ್ಕ. ಒಬ್ಬ ವಯಸ್ಸಾದ ಮನುಷ್ಯ, ತಾನು ಹಿಂದೆ ಸರ್ಬರ ಪ್ರಾಣ ಉಳಿಸಿದ್ದೇನೆ ಎಂದು ಬೇಡಿಕೊಂಡನಂತೆ. ಎರ್ದೆಮೊವಿಚ್ ಅವನನ್ನು ಪಕ್ಕಕ್ಕೆ ಕರೆದು ಉಳಿಸಲು ನೋಡಿದ. ಸಾಕ್ಷಿಗಳು ಯಾರೂ ಉಳಿಯಬಾರದು ಎಂದು ಗೊಯ್ಕೊವಿಚ್ ಒಪ್ಪಲಿಲ್ಲ. ಆ ಮನುಷ್ಯನೂ ಸತ್ತ.

ಮಧ್ಯಾಹ್ನದ ಮೇಲೆ ಇನ್ನೊಂದು ಆದೇಶ ಬಂತು. ಪಿಲಿತ್ಸಾ ಊರಿನ ಸಭಾಭವನದಲ್ಲಿ ಸುಮಾರು 500 ಜನರನ್ನು ಕೂಡಿಹಾಕಿದ್ದಾರೆ, ಅವರನ್ನೂ ಮುಗಿಸಬೇಕು ಎಂದು. ಈ ಸಲ ಎರ್ದೆಮೊವಿಚ್ ಆಗಲ್ಲ ಎಂದ. ಜೊತೆಗಿದ್ದ ಕೆಲವರೂ ಅವನ ಪರ ನಿಂತರು. ಅವರಿಗೆ ಏನೂ ಆಗಲಿಲ್ಲ. ಬ್ರಾತುನಾತ್ಸ್ ಕಡೆಯಿಂದ ಬಂದಿದ್ದ ಬೇರೆ ಗುಂಪು ಆ ಕೆಲಸ ಮಾಡಿತು. ನಿರಾಕರಿಸಿದವರು ಎದುರಿನ ಕೆಫೆಯಲ್ಲಿ ಕೂತಿದ್ದರು, ಗುಂಡಿನ ಸದ್ದು ಕೇಳುತ್ತಿತ್ತು. ಈ ಎರಡನೇ ಘಟನೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇಡೀ ಕೇಸಿನ ಕಗ್ಗಂಟು ಇರುವುದೇ ಇಲ್ಲಿ.

ಇವನು ಯಾರು ಅನ್ನುವುದೂ ಮುಖ್ಯ. ತುಜ್ಲಾ ಕಡೆಯ ಬೋಸ್ನಿಯನ್ ಕ್ರೊವಾಟ್. ಹೆಂಡತಿ ಸರ್ಬ್. ಕಲಿತ ಕಸುಬು ಬೀಗದ ಕೆಲಸ. ಯುದ್ಧದ ವರ್ಷಗಳಲ್ಲಿ ಬೋಸ್ನಿಯಾ ಸರ್ಕಾರದ ಸೇನೆ, ಕ್ರೊವಾಟ್ ಪಡೆ, ಕೊನೆಗೆ ಸರ್ಬ್ ಸೇನೆ ಎಂದು ಮೂರೂ ಕಡೆ ಇದ್ದವನು. 1994ರ ಏಪ್ರಿಲ್‌ನಲ್ಲಿ ಹತ್ತನೇ ತುಕಡಿಗೆ ಸೇರಿದ. ಆಗ ಅದರಲ್ಲಿ ಇವನ ಹಾಗೆ ಸರ್ಬರಲ್ಲದವರೂ ಇದ್ದರು. ಶತ್ರುವಿನ ಪ್ರದೇಶದಲ್ಲಿ ಬೇಹು ನೋಡುವುದು, ಸ್ಫೋಟಕ ಇಡುವುದು ಅದರ ಕೆಲಸವಾಗಿತ್ತು. ಒಮ್ಮೆ ಸಾಮಾನ್ಯ ಜನರ ಪ್ರಾಣ ಹೋಗುವ ಸಂಭವ ಇದ್ದ ಕಾರ್ಯಾಚರಣೆಗೆ ಒಪ್ಪದೆ ತನ್ನ ದರ್ಜೆ ಕಳೆದುಕೊಂಡೆ ಎಂದೂ ಅವನು ಹೇಳಿದ್ದಾನೆ.

ಈ ಕೊಲೆಗಳು ಹೊರಗೆ ಬಂದದ್ದೂ ಅವನ ಬಾಯಿಂದಲೇ. 1996ರ ಮಾರ್ಚ್‌ನಲ್ಲಿ ಸರ್ಬಿಯಾದಲ್ಲಿ ಇದ್ದಾಗ ವಿದೇಶಿ ಪತ್ರಕರ್ತರಿಗೆ ಎಲ್ಲ ಹೇಳಿಕೊಂಡ. ಕೂಡಲೇ ಅಲ್ಲಿನ ಪೊಲೀಸರು ಹಿಡಿದರು. ಅದೇ ತಿಂಗಳ ಕೊನೆಗೆ ಹೇಗ್‌ನ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿಗೆ ಒಪ್ಪಿಸಿದರು. ಮೇ 31ರಂದು ಅವನು ತಪ್ಪೊಪ್ಪಿಕೊಂಡ. ಆದರೆ ಒಪ್ಪಿಕೊಳ್ಳುತ್ತಲೇ ಇನ್ನೊಂದು ಮಾತು ಸೇರಿಸಿದ: ನಾನು ಇದನ್ನು ಮಾಡಲೇಬೇಕಾಯಿತು, ಇಲ್ಲದಿದ್ದರೆ ಅವರ ಜೊತೆ ನನ್ನನ್ನೂ ಕೊಲ್ಲುತ್ತಿದ್ದರು.

ನ್ಯಾಯಾಧೀಶರ ತಲೆನೋವು ಆ ಮಾತಿನಿಂದಲೇ ಶುರುವಾಯಿತು. ತಪ್ಪು ಮಾಡಿದ್ದೇನೆ ಎಂದೂ ಹೇಳುತ್ತಾನೆ, ಬೇರೆ ದಾರಿ ಇರಲಿಲ್ಲ ಎಂದೂ ಹೇಳುತ್ತಾನೆ. ಎರಡನೆಯದು ನಿಜವಾದರೆ ಮೊದಲನೆಯದು ನಿಲ್ಲುತ್ತದೆಯೇ?

ಇಲ್ಲಿ ಸ್ವಲ್ಪ ನಿಂತು, ಬೇರೆ ದಾರಿ ಇರಲಿಲ್ಲ ಎಂಬ ಮಾತನ್ನು ಬಿಡಿಸಿ ನೋಡಬೇಕು. ಕಾನೂನಿನಲ್ಲಿ ಅದಕ್ಕೆ ಎರಡು ಬೇರೆ ಬೇರೆ ಅರ್ಥಗಳಿವೆ.

ಒಂದು, ಅನಿವಾರ್ಯತೆ. ಪರಿಸ್ಥಿತಿಯೇ ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಬೆಂಕಿ, ಬಿರುಗಾಳಿ, ಹಸಿವು. ಎದುರಿಗೆ ಎರಡು ಕೆಡುಕುಗಳಿರುತ್ತವೆ, ಅವುಗಳಲ್ಲಿ ಚಿಕ್ಕದನ್ನು ಮನುಷ್ಯ ತಾನೇ ಆರಿಸಿಕೊಳ್ಳುತ್ತಾನೆ. ನಮ್ಮ ಹಳೆಯ ದಂಡ ಸಂಹಿತೆಯ 81ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 19ನೇ ಸೆಕ್ಷನ್. ಅಲ್ಲಿ ಕೊಟ್ಟಿರುವ ಉದಾಹರಣೆ ಲಾ ಓದಿದ ಎಲ್ಲರಿಗೂ ಗೊತ್ತು. ಹಡಗು ಇಪ್ಪತ್ತು ಮೂವತ್ತು ಜನರಿರುವ ದೋಣಿಗೆ ಡಿಕ್ಕಿ ಹೊಡೆಯುವ ಹಾಗಿದೆ. ಇದರಲ್ಲಿ ಕ್ಯಾಪ್ಟನ್‌ನ ತಪ್ಪಿಲ್ಲ. ದಿಕ್ಕು ಬದಲಿಸಿದರೆ ಇಬ್ಬರಿರುವ ಇನ್ನೊಂದು ದೋಣಿಗೆ ಅಪಾಯ ಆಗಬಹುದು. ಆ ಇನ್ನೊಂದು ದೋಣಿಗೆ ಹೊಡೆಯುವ ಉದ್ದೇಶ ಇಲ್ಲದೆ, ಒಳ್ಳೆಯ ಮನಸ್ಸಿನಿಂದ ದಿಕ್ಕು ಬದಲಿಸಿದರೆ, ಆಮೇಲೆ ಅದಕ್ಕೆ ತಾಗಿದರೂ ಕ್ಯಾಪ್ಟನ್ ಅಪರಾಧಿಯಲ್ಲ. ತಪ್ಪಿಸಿದ ಅಪಾಯ ಅಷ್ಟು ದೊಡ್ಡದಾಗಿತ್ತೇ ಎಂಬುದಷ್ಟೇ ಪ್ರಶ್ನೆ.

ಇನ್ನೊಂದು, ಬಲವಂತ. ಇಲ್ಲಿ ಇಕ್ಕಟ್ಟನ್ನು ತಂದಿಟ್ಟವನು ಒಬ್ಬ ಮನುಷ್ಯ. ಅಪರಾಧದ ಯೋಜನೆ ಅವನದು, ಲಾಭವೂ ಅವನದು. ಬೆದರಿಕೆಗೆ ಸಿಕ್ಕವನು ಅವನ ಕೈಯಲ್ಲಿನ ಸಾಧನ ಅಷ್ಟೆ. ಇದು 94ನೇ ಸೆಕ್ಷನ್ ಆಗಿತ್ತು, ಈಗ 32. ದರೋಡೆಕೋರರು ಕಮ್ಮಾರನೊಬ್ಬನನ್ನು ಹಿಡಿದು, ಇಲ್ಲೇ ಕೊಲ್ಲುತ್ತೇವೆ ಎಂದು ಹೆದರಿಸಿ, ಅವನ ಉಪಕರಣಗಳಿಂದಲೇ ಮನೆ ಬಾಗಿಲು ಒಡೆಸುತ್ತಾರೆ. ಆ ಕಮ್ಮಾರ ಅಪರಾಧಿಯಲ್ಲ. ಆದರೆ ತಾನಾಗಿಯೇ ಹೋಗಿ ದರೋಡೆ ಗುಂಪು ಸೇರಿಕೊಂಡವನಿಗೆ ಈ ರಕ್ಷಣೆ ಇಲ್ಲ. ಹೊಡೆಯುತ್ತೇವೆ ಎಂಬಷ್ಟು ಬೆದರಿಕೆಗೆ ಸೇರಿದವನಿಗೂ ಇಲ್ಲ.

ಕಮ್ಮಾರನ ವಿಷಯದಲ್ಲಿ ಕಾನೂನು ಏನು ಕೇಳುತ್ತಿದೆ ನೋಡಿ. ಬಾಗಿಲು ಒಡೆದದ್ದರಿಂದ ಒಟ್ಟಾರೆ ಒಳ್ಳೆಯದಾಯಿತೇ ಎಂದು ಕೇಳುತ್ತಿಲ್ಲ. ಬೇಡ ಎನ್ನಲು ಅವನಿಗೆ ನಿಜಕ್ಕೂ ಸಾಧ್ಯವಿತ್ತೇ ಎಂದು ಕೇಳುತ್ತಿದೆ. ಹಡಗಿನ ಕ್ಯಾಪ್ಟನ್ ಮಾಡಿದ್ದು ಸರಿ ಎನ್ನಬಹುದು. ಬಾಗಿಲು ಒಡೆದದ್ದು ಸರಿ ಎಂದು ಯಾರೂ ಹೇಳುವುದಿಲ್ಲ. ಅದು ತಪ್ಪೇ, ಆದರೆ ಆ ತಪ್ಪನ್ನು ಕಮ್ಮಾರನ ತಲೆಗೆ ಕಟ್ಟಬಾರದು ಅಷ್ಟೆ. ಹೊಣೆ ಹೊರಬೇಕಾದವರು ಅಲ್ಲೇ ಪಕ್ಕದಲ್ಲಿ ಇದ್ದಾರೆ. ಅನಿವಾರ್ಯತೆಯಲ್ಲಿ ಹಾಗೆ ಬೆರಳು ತೋರಿಸಲು ಇನ್ನೊಬ್ಬ ಮನುಷ್ಯ ಇರುವುದಿಲ್ಲ.

ಬ್ರಾನ್ಯೆವೊದ ಕೇಸು ಯಾವ ಬಗೆಯದು? ನನ್ನ ಪ್ರಕಾರ ಅನುಮಾನವೇ ಇಲ್ಲ, ಬಲವಂತದ್ದು. ಆದರೆ ಅದನ್ನು ತೀರ್ಮಾನಿಸಲು ಬಳಸಿದ ತರ್ಕದಲ್ಲಿ ಬಹುಪಾಲು ಅನಿವಾರ್ಯತೆಯ ಕಡೆಯಿಂದ ಬಂದದ್ದು. ನನ್ನ ತಕರಾರು ಇರುವುದು ಅಲ್ಲಿ.

ಆ ತರ್ಕದ ಬೇರು ಇಂಗ್ಲೆಂಡಿನ 1884ರ ಒಂದು ಪ್ರಸಿದ್ಧ ಕೇಸಿನಲ್ಲಿದೆ. ಮಿನ್ಯೊನೆಟ್ ಎಂಬ ಹಾಯಿಹಡಗು ಸಮುದ್ರದ ನಡುವೆ ಮುಳುಗಿತು. ನಾಲ್ವರು ಸಣ್ಣ ದೋಣಿಯಲ್ಲಿ ಉಳಿದರು. ಅನ್ನ ನೀರಿಲ್ಲದೆ ವಾರಗಳು ಕಳೆದವು. ಕೊನೆಗೆ ಡಡ್ಲಿ, ಸ್ಟೀಫನ್ಸ್ ಎಂಬಿಬ್ಬರು, ಸಾಯುವ ಸ್ಥಿತಿಯಲ್ಲಿದ್ದ 17 ವರ್ಷದ ಹುಡುಗನನ್ನು ಕೊಂದರು. ಅವನ ಮಾಂಸ ತಿಂದು ಬದುಕಿದರು. ಕೆಲವೇ ದಿನಗಳಲ್ಲಿ ಬೇರೊಂದು ಹಡಗು ಬಂದು ಅವರನ್ನು ಎತ್ತಿಕೊಂಡಿತು. ಕೊಲೆಗೆ ಅನಿವಾರ್ಯತೆ ಸಮರ್ಥನೆಯಾಗುವುದಿಲ್ಲ ಎಂದು ಕೋರ್ಟು ಹೇಳಿತು. ಮರಣದಂಡನೆ ವಿಧಿಸಿ, ಆಮೇಲೆ ಅದನ್ನು ಆರು ತಿಂಗಳ ಜೈಲಿಗೆ ಇಳಿಸಿದರು. ಯಾರ ಪ್ರಾಣ ಕಡಿಮೆ ಬೆಲೆಯದು ಎಂದು ಅಳೆಯುವ ಅಧಿಕಾರ ಯಾರಿಗಿದೆ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ಆ ತೀರ್ಪು ಸರಿ ಎಂದೇ ನನಗೂ ಅನಿಸುತ್ತದೆ. ಆ ಹುಡುಗನ ಸಾವನ್ನು ನಿರ್ಧರಿಸಿದ್ದು ಆ ಇಬ್ಬರೇ. ಅವರು ಕೈ ಎತ್ತದಿದ್ದರೆ ಅವನು ಬದುಕುವ ಸಾಧ್ಯತೆ ಸಣ್ಣದಾದರೂ ಇತ್ತು.

ನೂರು ವರ್ಷ ಕಳೆದ ಮೇಲೆ, 1987ರ ಹೋವ್ ಕೇಸಿನಲ್ಲಿ, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಇದೇ ತೀರ್ಪನ್ನು ಆಧಾರ ಮಾಡಿಕೊಂಡಿತು. ಬೆದರಿಕೆಗೆ ಸಿಕ್ಕಿ ಕೊಲೆ ಮಾಡಿದವನಿಗೂ ಬಲವಂತದ ರಕ್ಷಣೆ ಇಲ್ಲ ಎಂದಿತು. ಹಸಿವಿನಿಂದ ಕೊಂದವನಿಗೆ ಕೊಡದ ಕ್ಷಮೆಯನ್ನು ಹೆದರಿ ಕೊಂದವನಿಗೆ ಹೇಗೆ ಕೊಡುವುದು ಎಂಬ ವಾದ ಅದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಎರಡರ ನಡುವಿನ ಗೋಡೆ ಅಲ್ಲಿಗೆ ಬಿದ್ದುಹೋಯಿತು.

ಹೇಗ್‌ನಲ್ಲಿ ಆದದ್ದು ಹೀಗೆ. 1996ರ ನವೆಂಬರ್ 29ರಂದು ವಿಚಾರಣಾ ಪೀಠ ಅವನಿಗೆ 10 ವರ್ಷ ಶಿಕ್ಷೆ ಕೊಟ್ಟಿತು. ಬೆದರಿಕೆಯ ಕಥೆಗೆ ಅವನ ಮಾತು ಬಿಟ್ಟು ಬೇರೆ ಪುರಾವೆ ಇಲ್ಲ ಎಂದಿತು. ಅವನು ಮೇಲ್ಮನವಿ ಹಾಕಿದ. ನ್ಯಾಯಮಂಡಳಿಯ ಶಾಸನದಲ್ಲಿ ಬಲವಂತದ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಾಗಾಗಿ ಐವರು ನ್ಯಾಯಾಧೀಶರು ಜಗತ್ತಿನ ಕಾನೂನುಗಳನ್ನೆಲ್ಲ ಹುಡುಕಬೇಕಾಯಿತು. ಯುರೋಪಿನ ಬಹಳಷ್ಟು ದೇಶಗಳು ಕೊಲೆಗೂ ಈ ರಕ್ಷಣೆ ಕೊಡುತ್ತವೆ, ಇಂಗ್ಲಿಷ್ ಪರಂಪರೆಯವು ಕೊಡುವುದಿಲ್ಲ. ಒಂದೇ ನಿಯಮ ಸಿಗಲಿಲ್ಲ. 1997ರ ಅಕ್ಟೋಬರ್ 7ರಂದು ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ಆದರು. ಅಮೆರಿಕದ ಮೆಕ್‌ಡೊನಾಲ್ಡ್, ಮಲೇಷ್ಯಾದ ವೋಹ್ರಾ, ಚೀನಾದ ಲೀ ಬಹುಮತ. ಅಮಾಯಕರನ್ನು ಕೊಂದ ಸೈನಿಕನಿಗೆ ಬಲವಂತ ಪೂರ್ತಿ ರಕ್ಷಣೆ ಆಗುವುದಿಲ್ಲ, ಶಿಕ್ಷೆ ಕಡಿಮೆ ಮಾಡಲು ಕಾರಣ ಆಗಬಹುದು ಅಷ್ಟೆ ಎಂದರು. ಯುದ್ಧದಲ್ಲಿ ದುರ್ಬಲರನ್ನು ಕಾಪಾಡುವುದು ಕಾನೂನಿನ ಕೆಲಸ, ಸೈನಿಕನಿಗೆ ಅದು ಗಟ್ಟಿಯಾಗಿ ದಾರಿ ತೋರಿಸಬೇಕು ಎಂಬುದು ಮೆಕ್‌ಡೊನಾಲ್ಡ್ ಮತ್ತು ವೋಹ್ರಾ ಅವರ ವಾದ.

ಇಟಲಿಯ ಕಸ್ಸೇಸೆ ಮತ್ತು ಆಸ್ಟ್ರೇಲಿಯಾದ ಸ್ಟೀಫನ್ ಒಪ್ಪಲಿಲ್ಲ. ಕಸ್ಸೇಸೆ ನಾಲ್ಕು ಷರತ್ತುಗಳನ್ನು ಮುಂದಿಟ್ಟರು. ಪ್ರಾಣಕ್ಕೋ ಅಂಗಕ್ಕೋ ತಕ್ಷಣದ ಅಪಾಯ ಇರಬೇಕು. ಅದರಿಂದ ಪಾರಾಗಲು ಬೇರೆ ದಾರಿ ಇರಬಾರದು. ಮಾಡಿದ ಅಪರಾಧ ಬೆದರಿಕೆಯ ಅಳತೆಯನ್ನು ಮೀರಬಾರದು. ಆ ಇಕ್ಕಟ್ಟನ್ನು ಅವನೇ ಮೈಮೇಲೆ ಎಳೆದುಕೊಂಡಿರಬಾರದು. ಕೊಲೆಯಲ್ಲಿ ಮೂರನೆಯ ಷರತ್ತು ಪೂರೈಸುವುದು ಬಹಳ ಕಷ್ಟ ಎಂದು ಅವರೇ ಒಪ್ಪುತ್ತಾರೆ. ತನ್ನ ಪ್ರಾಣಕ್ಕಿಂತ ಇನ್ನೊಬ್ಬನ ಪ್ರಾಣ ಕಡಿಮೆಯಲ್ಲವಲ್ಲ. ಆದರೆ ಒಂದು ಬಗೆಯ ಸಂದರ್ಭದಲ್ಲಿ ಅದು ಸಾಧ್ಯ ಎನ್ನುತ್ತಾರೆ. ಬೇರೆಯವರು ನಿರ್ಧರಿಸಿದ, ಬೇರೆಯವರು ಹೇಗಿದ್ದರೂ ಮಾಡಿಯೇ ತೀರುವ ಕೊಲೆಯಲ್ಲಿ ಒಬ್ಬನನ್ನು ಬಲವಂತವಾಗಿ ಸೇರಿಸಿದಾಗ. ಅವನು ಒಪ್ಪದಿದ್ದರೆ ಸಾಲಿನಲ್ಲಿ ನಿಂತ ಒಬ್ಬರೂ ಉಳಿಯುವುದಿಲ್ಲ, ಸತ್ತವರ ಜೊತೆ ಇನ್ನೊಂದು ಹೆಣ ಸೇರುತ್ತದೆ.

ನಾನು ಈ ಇಬ್ಬರ ಪಕ್ಷ. ಮಿನ್ಯೊನೆಟ್‌ನ ದೋಣಿಯನ್ನೂ ಬ್ರಾನ್ಯೆವೊವನ್ನೂ ಬೇರೆ ಮಾಡುವುದು ಇದೇ. ದೋಣಿಯಲ್ಲಿ ಇಬ್ಬರು ತಮ್ಮ ಪ್ರಾಣದ ಎದುರು ಹುಡುಗನ ಪ್ರಾಣವನ್ನು ತೂಗಿದರು. ಫಾರ್ಮಿನಲ್ಲಿ ಎರ್ದೆಮೊವಿಚ್‌ನ ಕೈಗೆ ಯಾರ ಪ್ರಾಣವನ್ನೂ ತೂಗುವ ಅಧಿಕಾರ ಬಂದಿರಲಿಲ್ಲ. ಆ ಜನರನ್ನು ಕೊಲ್ಲುವ ತೀರ್ಮಾನ ಮೇಲಿನ ಅಧಿಕಾರಿಗಳು ಮೊದಲೇ ಮಾಡಿ ಆಗಿತ್ತು. ಅವನ ಕೈಯಲ್ಲಿ ಉಳಿದಿದ್ದು ತನ್ನ ಪ್ರಾಣ ಮಾತ್ರ. ಅವನ ಬಗ್ಗೆ ಕೇಳಬೇಕಾದ ಪ್ರಶ್ನೆ, ಅಲ್ಲಿ ಬೇಡ ಎನ್ನಲು ಸಾಧ್ಯವಿತ್ತೇ ಎಂಬುದು. ಎರಡನೇ ಮಹಾಯುದ್ಧದ ನಂತರ, 1948ರಲ್ಲಿ, ನಾಜಿ ಕೊಲೆಪಡೆಗಳ ವಿಚಾರಣೆ ನಡೆಸಿದ ನ್ಯೂರೆಂಬರ್ಗ್‌ನ ಅಮೆರಿಕನ್ ನ್ಯಾಯಾಲಯ ಕೂಡ, ತಲೆಗೆ ಪಿಸ್ತೂಲು ಹಿಡಿಸಿಕೊಂಡವನನ್ನು ಯಾವ ಕೋರ್ಟೂ ಶಿಕ್ಷಿಸುವುದಿಲ್ಲ ಎಂಬ ಅರ್ಥದ ಮಾತು ಹೇಳಿತ್ತು. ಬಹುಮತದವರು ಅದನ್ನು ಬದಿಗಿಟ್ಟರು.

ಹಾಗಾದರೆ ಅವನನ್ನು ಬಿಟ್ಟುಬಿಡಬೇಕಿತ್ತೇ? ಇಲ್ಲ, ನಾನು ಹಾಗೆ ಹೇಳುತ್ತಿಲ್ಲ. ಬಲವಂತದ ಬಾಗಿಲು ತೆರೆದಿಟ್ಟು, ಅದರೊಳಗೆ ಬರುವಷ್ಟು ಪುರಾವೆ ಅವನ ಹತ್ತಿರ ಇದೆಯೇ ಎಂದು ಪರೀಕ್ಷಿಸಬೇಕಿತ್ತು. ಆ ಪರೀಕ್ಷೆ ಸುಲಭದ್ದಾಗುತ್ತಿರಲಿಲ್ಲ. ಪಿಲಿತ್ಸಾದ ಸಭಾಭವನ ಅಲ್ಲಿ ಎದುರು ಬಂದು ನಿಲ್ಲುತ್ತದೆ.

ಸರ್ಕಾರಿ ವಕೀಲರು ಕೇಳಬಹುದಾದ ಪ್ರಶ್ನೆ ಇಷ್ಟೇ: ಮಧ್ಯಾಹ್ನ ಬೇಡ ಎಂದೆ, ಏನೂ ಆಗಲಿಲ್ಲ, ಬೆಳಿಗ್ಗೆ ಇನ್ನೂ ಗಟ್ಟಿಯಾಗಿ ಬೇಡ ಎಂದಿದ್ದರೆ? ಇದಕ್ಕೆ ಉತ್ತರ ಇಲ್ಲದೆ ಇಲ್ಲ. ಬೆಳಿಗ್ಗೆ ಅವನು ಒಬ್ಬನೇ ಇದ್ದ, ಮಧ್ಯಾಹ್ನ ಜೊತೆಗೆ ನಿಂತವರಿದ್ದರು. ಬೆಳಿಗ್ಗೆ ಕೊಲ್ಲಲು ಬೇರೆ ಜನ ಇರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಬ್ರಾತುನಾತ್ಸ್‌ನ ಗುಂಪು ಸಿದ್ಧವಾಗಿತ್ತು. ಸುಮಾರು ಒಂದು ವಾರದಲ್ಲೇ ಅದೇ ತುಕಡಿಯ ಒಬ್ಬ ಸೈನಿಕ ಬಾರಿನಲ್ಲಿ ಅವನಿಗೆ ಗುಂಡು ಹೊಡೆದ, ಅವನು ಸಾವಿನ ಅಂಚಿಗೆ ಹೋಗಿ ಬಂದ. ನಿರಾಕರಣೆಗೆ ಬೆಲೆ ಇತ್ತು ಎನ್ನಲು ಅದೂ ಒಂದು ಸುಳಿವು ಇರಬಹುದು. ಹಾಗಿದ್ದರೂ ಪ್ರಶ್ನೆ ಪೂರ್ತಿ ಕರಗುವುದಿಲ್ಲ. ಪಿಲಿತ್ಸಾ ಒಂದೇ ಏಟಿಗೆ ಎರಡನ್ನೂ ತೋರಿಸುತ್ತದೆ. ಇವನು ಒಪ್ಪದಿದ್ದರೂ ಜನ ಸಾಯುತ್ತಿದ್ದರು ಎಂಬುದನ್ನೂ, ಒಪ್ಪದೆ ಬದುಕುಳಿಯಲು ಒಂದು ಕಡೆಯಲ್ಲಾದರೂ ಸಾಧ್ಯವಿತ್ತು ಎಂಬುದನ್ನೂ. ಮೊದಲನೆಯದು ಅವನ ಪರ, ಎರಡನೆಯದು ಅವನ ವಿರುದ್ಧ.

ಇನ್ನೊಂದು ಕಷ್ಟವೂ ಇದೆ, ಅದು ನನ್ನನ್ನು ಜಾಸ್ತಿ ಕಾಡುತ್ತದೆ. ನಾನಿಲ್ಲದಿದ್ದರೂ ಬೇರೆಯವರು ಕೊಲ್ಲುತ್ತಿದ್ದರು ಎಂದು ಎಂಟೂ ಜನ ಹೇಳಬಹುದು. ಎಂಟೂ ಜನರ ಮಾತು ಬಿಡಿಬಿಡಿಯಾಗಿ ನಿಜವೂ ಇರಬಹುದು. ಒಟ್ಟಿಗೆ ತೆಗೆದುಕೊಂಡರೆ ಮಾತ್ರ ಸುಳ್ಳು. ಅದಕ್ಕೇ ಈ ವಾದವನ್ನು ತುಂಬ ಬಿಗಿಯಾಗಿ ಹಿಡಿಯಬೇಕು. ಹಣೆಗೆ ಬಂದೂಕು ಇದ್ದವನು ಮಾತ್ರ ಇದನ್ನು ಹೇಳಬಹುದು. ಇಷ್ಟಪಟ್ಟು ಬಂದವನು ಹೇಳುವ ಹಾಗಿಲ್ಲ. ಅದೇ ತುಕಡಿಯ ಫ್ರಾಂತ್ಸ್ ಕೋಸ್ ಮತ್ತು ಇನ್ನೂ ಕೆಲವರಿಗೆ ಬೋಸ್ನಿಯಾದ ನ್ಯಾಯಾಲಯ 2012ರಲ್ಲಿ ದೀರ್ಘಾವಧಿಯ ಜೈಲು ಶಿಕ್ಷೆ ಕೊಟ್ಟಿತು. ಒಂದೇ ಸಾಲಿನಲ್ಲಿ ನಿಂತು ಗುಂಡು ಹಾರಿಸಿದವರನ್ನೂ ಒಬ್ಬೊಬ್ಬರನ್ನಾಗಿಯೇ ನೋಡಬೇಕಾಗುತ್ತದೆ. ಎಲ್ಲರಿಗೂ ಒಂದೇ ನಿಯಮ ಹಾಕಿ ಬಾಗಿಲು ಮುಚ್ಚಿಬಿಟ್ಟರೆ ಹಾಗೆ ನೋಡುವ ಅವಕಾಶವೇ ಹೋಗುತ್ತದೆ.

ತಾನಾಗಿ ತುಕಡಿ ಸೇರಿದನಲ್ಲ ಎಂಬ ಆಕ್ಷೇಪಣೆ ನನಗೆ ಅಷ್ಟು ಭಾರ ಅನಿಸುವುದಿಲ್ಲ. ಅವನು ಸೇರಿದಾಗ ಅದು ಕೈದಿಗಳನ್ನು ಕೊಲ್ಲುವ ಪಡೆಯಾಗಿರಲಿಲ್ಲ. ದರೋಡೆ ಗುಂಪಿಗೆ ಗೊತ್ತಿದ್ದೂ ಸೇರಿದವನ ಸ್ಥಿತಿ ಬೇರೆ.

ಮೇಲ್ಮನವಿ ಪೀಠ ಇನ್ನೊಂದು ವಿಷಯದಲ್ಲಿ ಅವನಿಗೆ ನೆರವಾಯಿತು. ಮಾನವತೆಯ ವಿರುದ್ಧದ ಅಪರಾಧ ಮತ್ತು ಯುದ್ಧಾಪರಾಧ ಎಂಬ ಎರಡು ಆರೋಪಗಳ ವ್ಯತ್ಯಾಸ ತಿಳಿಯದೆ ತಪ್ಪೊಪ್ಪಿಕೊಂಡಿದ್ದಾನೆ ಎಂದು ಕೇಸನ್ನು ಹೊಸ ಪೀಠಕ್ಕೆ ಕಳಿಸಿತು. 1998ರ ಜನವರಿಯಲ್ಲಿ ಅವನು ಯುದ್ಧಾಪರಾಧವನ್ನು ಒಪ್ಪಿಕೊಂಡ. ಬೆದರಿಕೆ ಇತ್ತು ಎಂಬುದನ್ನು ಈ ಸಲ ಸರ್ಕಾರಿ ವಕೀಲರೂ ಒಪ್ಪಿದರು. ಎರಡೂ ಕಡೆಯವರು ಸೇರಿ ಏಳು ವರ್ಷ ಕೇಳಿದ್ದರು. ಮಾರ್ಚ್ 5ರಂದು ಕೋರ್ಟು ಐದು ವರ್ಷ ಕೊಟ್ಟಿತು. ಅವನು ನಾರ್ವೆಯಲ್ಲಿ ಶಿಕ್ಷೆ ಅನುಭವಿಸಿ 1999ರಲ್ಲಿ ಬಿಡುಗಡೆಯಾದ. ಆಮೇಲೆ ಸ್ರೆಬ್ರೆನಿತ್ಸಾದ ದೊಡ್ಡ ಅಧಿಕಾರಿಗಳ ವಿಚಾರಣೆಗಳಲ್ಲಿ ಮತ್ತೆ ಮತ್ತೆ ಸಾಕ್ಷಿ ಹೇಳಿದ.

ಬಹುಮತದ ತೀರ್ಪು ಬಂದು ವರ್ಷ ತುಂಬುವ ಮೊದಲೇ, 1998ರ ಜುಲೈನಲ್ಲಿ, ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನ ಸಿದ್ಧವಾಯಿತು. ಅದರ 31ನೇ ವಿಧಿ ಕಸ್ಸೇಸೆ ಕಡೆಗೇ ವಾಲಿತು. ಬಲವಂತದ ರಕ್ಷಣೆಯಿಂದ ಕೊಲೆಯನ್ನು ಹೊರಗಿಡಲಿಲ್ಲ. ಆದರೆ ಮನುಷ್ಯ ಒಡ್ಡಿದ ಬೆದರಿಕೆಯನ್ನೂ, ಪರಿಸ್ಥಿತಿ ಒಡ್ಡಿದ ಅಪಾಯವನ್ನೂ ಒಂದೇ ವಾಕ್ಯದಲ್ಲಿ ಸೇರಿಸಿಬಿಟ್ಟಿತು. ತಪ್ಪಿಸಲು ಹೊರಟ ಹಾನಿಗಿಂತ ದೊಡ್ಡ ಹಾನಿ ಮಾಡುವ ಉದ್ದೇಶ ಇರಬಾರದು ಎಂಬ ಷರತ್ತನ್ನು ಎರಡಕ್ಕೂ ಹಾಕಿತು. ಅಂದರೆ ಕಮ್ಮಾರನಿಗೂ ಕ್ಯಾಪ್ಟನ್‌ನ ತಕ್ಕಡಿ. ಇದು ನನಗೆ ಅರ್ಧ ಗೆಲುವಿನ ಹಾಗೆ ಕಾಣುತ್ತದೆ.

ನಮ್ಮ ಕಾನೂನು ಈ ಎರಡನ್ನೂ 1860ರಲ್ಲೇ, ಮಿನ್ಯೊನೆಟ್ ಮುಳುಗುವುದಕ್ಕೆ 24 ವರ್ಷ ಮೊದಲೇ, ಬೇರೆ ಬೇರೆ ಸೆಕ್ಷನ್‌ಗಳಲ್ಲಿ ಇಟ್ಟಿತ್ತು. ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ಇದೇ ಘಟನೆ ನಮ್ಮ ಕೋರ್ಟಿಗೆ ಬಂದರೆ ಏನಾಗುತ್ತದೆ? 19ನೇ ಸೆಕ್ಷನ್ ಸಿಗುವುದಿಲ್ಲ, ಏಕೆಂದರೆ ಬೇಕೆಂದೇ ಕೊಂದದ್ದು ಅದರಡಿ ಬರುವುದಿಲ್ಲ. 32ನೇ ಸೆಕ್ಷನ್ ಕೊಲೆಯನ್ನು ಮೊದಲ ಮಾತಿನಲ್ಲೇ ಹೊರಗಿಟ್ಟಿದೆ. ಇನ್ನು ಶಿಕ್ಷೆ. ಹೇಗ್‌ನ ಬಹುಮತ ಕ್ಷಮೆ ಕೊಡದಿದ್ದರೂ ಶಿಕ್ಷೆಯನ್ನು ಇಳಿಸಿ ನ್ಯಾಯ ಕೊಡಬಹುದು ಎಂದು ನಂಬಿತ್ತು. ಅಲ್ಲಿ ಕನಿಷ್ಠ ಶಿಕ್ಷೆ ಎಂಬುದು ಇರಲಿಲ್ಲ, ಹಾಗಾಗಿ ಐದು ವರ್ಷ ಸಾಧ್ಯವಾಯಿತು. ನಮ್ಮಲ್ಲಿ ಕೊಲೆ ಸಾಬೀತಾದರೆ ಮರಣದಂಡನೆ ಅಥವಾ ಜೀವಾವಧಿ, ಅದಕ್ಕಿಂತ ಕೆಳಗೆ ಇಳಿಯಲು ನ್ಯಾಯಾಧೀಶರಿಗೆ ದಾರಿಯಿಲ್ಲ. ಹಣೆಗೆ ಬಂದೂಕು ಹಿಡಿಸಿಕೊಂಡು ಕೊಂದವನಿಗೂ, ಸಂಚು ಮಾಡಿ ಕೊಂದವನಿಗೂ ಕನಿಷ್ಠ ಶಿಕ್ಷೆ ಒಂದೇ.

ಕೊಲೆ ಬಿಟ್ಟು ಬೇರೆ ಅಪರಾಧಗಳಲ್ಲೂ ಒಂದು ಕೊರತೆ ಉಳಿದಿದೆ. 32ನೇ ಸೆಕ್ಷನ್‌ನ ಪ್ರಕಾರ ಸಾವಿನ ಬೆದರಿಕೆ ಆ ವ್ಯಕ್ತಿಗೇ ಇರಬೇಕು. ಒಂಬತ್ತು ತಿಂಗಳ ಮಗುವಿನ ಕುತ್ತಿಗೆಗೆ ಚಾಕು ಹಿಡಿದು ಅಪ್ಪನ ಕೈಯಲ್ಲಿ ಕಳ್ಳಮಾಲಿನ ಲಾರಿ ಓಡಿಸಿದರೆ, ಸೆಕ್ಷನ್‌ನ ಅಕ್ಷರ ಅವನನ್ನು ಕಾಪಾಡುವುದಿಲ್ಲ. 2023ರಲ್ಲಿ ಇಡೀ ಸಂಹಿತೆಯನ್ನು ಹೊಸದಾಗಿ ಬರೆದು 2024ರ ಜುಲೈ 1ರಿಂದ ಜಾರಿಗೆ ತಂದರು. ಈ ಸೆಕ್ಷನ್‌ಗೆ ಹೊಸ ಅಂಕಿ ಬಂತು, ಒಳಗಿನ ಮಾತು ಹಳೆಯದೇ ಉಳಿಯಿತು. ಬೆದರಿಕೆ ಹೆಂಡತಿ, ಮಕ್ಕಳು, ಹೆತ್ತವರ ಮೇಲೆ ಇದ್ದರೂ ಸಾಕು ಎಂದು ಅಲ್ಲಿ ಸೇರಿಸಬೇಕು. ಕೊಲೆಯ ಸಂದರ್ಭದಲ್ಲಿ ಪೂರ್ತಿ ಕ್ಷಮೆ ಬೇಡ ಎಂದೇ ಇಟ್ಟುಕೊಂಡರೂ, ಬಲವಂತ ಸಾಬೀತಾದರೆ ಜೀವಾವಧಿಗಿಂತ ಕಡಿಮೆ ಶಿಕ್ಷೆ ಕೊಡುವ ಅಧಿಕಾರವನ್ನಾದರೂ ನ್ಯಾಯಾಧೀಶರಿಗೆ ಕೊಡಬೇಕು.